ಎತ್ತುವ ಹೊರೆ, ಕಾಣದ ಹೊಗೆ: ಜನರೇಟರ್ ಹಾಳೆಗೆ ಎರಡು ಪದ ಬೇಕು

ಗೆಳೆಯರೇ, ನಮಸ್ಕಾರ.

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ಮಗನದು ಶಾಮಿಯಾನ ಅಂಗಡಿ. ಪಾತ್ರೆ, ಕುರ್ಚಿ, ಸೀರಿಯಲ್ ಸೆಟ್ ಜೊತೆಗೆ ಈಗ ನಾಲ್ಕು ಸಣ್ಣ ಪೆಟ್ರೋಲ್ ಜನರೇಟರ್‌ಗಳನ್ನೂ ಬಾಡಿಗೆಗೆ ಇಟ್ಟಿದ್ದಾನೆ. ಒಬ್ಬರೇ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು, ಅಷ್ಟೇ ಗಾತ್ರ. ತೋಟದಲ್ಲಿ ಟೆಂಟ್ ಹಾಕಿ ಎರಡು ರಾತ್ರಿ ಕಳೆಯುವ ಮೈಸೂರಿನ ಹುಡುಗರು ಒಯ್ಯುತ್ತಾರೆ. ಜಾತ್ರೆಯಲ್ಲಿ ಅಂಗಡಿ ಹಾಕುವವರು ಒಯ್ಯುತ್ತಾರೆ. ಕರೆಂಟ್ ಕಂಬ ಬಾರದ ಹೊಲದಲ್ಲಿ ಕೆಲಸ ಇರುವವರೂ ಒಯ್ಯುತ್ತಾರೆ. ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಕನ್ನಡ ಒಂದಕ್ಷರ ಇಲ್ಲ. "ಅಣ್ಣ, ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು, ಲ್ಯಾಮಿನೇಷನ್ ಮಾಡಿಸಿ ಮಿಷನ್ನಿಗೇ ಕಟ್ಟಿಬಿಡ್ತೀನಿ" ಅಂದ.

ಅರ್ಧ ದಿನದ ಕೆಲಸ ಅಂದುಕೊಂಡು ಕೂತೆ. ಹದಿನೈದು ದಿನ ಆಯಿತು. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಸಲೀಸಾಗಿ ಬಂದದ್ದನ್ನು ಹೇಳಿಬಿಡುತ್ತೇನೆ. ಜನರೇಟರ್, ಪೆಟ್ರೋಲ್, ಪ್ಲಗ್, ಸ್ವಿಚ್, ಇವನ್ನೆಲ್ಲ ಹಾಗೇ ಬಿಟ್ಟೆ. 'ವಿದ್ಯುಜ್ಜನಕ' ಅಂತ ಬರೆದರೆ ಅಂಗಡಿಗೆ ಬರುವ ಯಾರೂ ಅದನ್ನು ಆ ಮಿಷನ್ನಿನ ಹೆಸರು ಅಂತ ಗುರುತಿಸಲ್ಲ. ಆದರೆ ಬರೆಯುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಸರುಗಳು ಹೊರಗಿನವು, ಕ್ರಿಯಾಪದಗಳೆಲ್ಲ ನಮ್ಮವೇ. ಬಲ್ಬು ಉರಿಯುತ್ತೆ, ಫ್ಯಾನು ತಿರುಗುತ್ತೆ, ಮೋಟ್ರು ಓಡುತ್ತೆ, ಕರೆಂಟು ಹೋಗುತ್ತೆ, ಬರುತ್ತೆ, ಹೊಡೆಯುತ್ತೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಆ ಜಾಗವನ್ನು ಈಗಲೂ ಇಲ್ಲಿನವರು 'ಬ್ಲಫ್' ಅಂತಲೇ ಕರೆಯುತ್ತಾರೆ. ನೂರಿಪ್ಪತ್ತು ವರ್ಷದಿಂದ ಕರೆಂಟಿನ ಜೊತೆ ಬಾಳಿದವರ ಬಾಯಲ್ಲಿ ಕ್ರಿಯಾಪದ ಇಷ್ಟು ಚೆನ್ನಾಗಿ ಪಳಗಿದೆ. ಹಾಗಾಗಿ "ಜನರೇಟರ್ ಪ್ಲಗ್ಗನ್ನು ಮನೆಯ ವೈರಿಂಗಿಗೆ ಸಿಕ್ಕಿಸಬೇಡಿ, ಕರೆಂಟು ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತೆ" ಅನ್ನೋ ಸಾಲು ಎರಡು ನಿಮಿಷದಲ್ಲಿ ಬಂತು.

ತೊಡಕು ಶುರುವಾದದ್ದು 'ಲೋಡ್' ಹತ್ತಿರ.

ಪುಸ್ತಕದಲ್ಲಿ ಎರಡು ಲೆಕ್ಕ ಇದೆ. ಒಂದು, ಮೋಟ್ರು ಓಡುತ್ತಿರುವಾಗ ಬೇಕಾಗುವ ವ್ಯಾಟ್. ಇನ್ನೊಂದು, ಮೋಟ್ರು ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಿ ಬೇಕಾಗುವ ವ್ಯಾಟ್. ಬಲ್ಬು, ಫೋನ್ ಚಾರ್ಜರ್ ಇಂಥವಕ್ಕೆ ಎರಡೂ ಹೆಚ್ಚುಕಮ್ಮಿ ಒಂದೇ ಅಂತ ನಡೆಸಬಹುದು. ಫ್ರಿಜ್ಜು, ನೀರಿನ ಮೋಟ್ರು ಹಾಗಲ್ಲ. ಶುರುವಿಗೆ ಹಲವು ಪಟ್ಟು ಕರೆಂಟು ಎಳೆಯುತ್ತವೆ. ನಾನು ಮೊದಲು 'ಆರಂಭಿಕ ಹೊರೆ', 'ಚಾಲನಾ ಹೊರೆ' ಅಂತ ಬರೆದೆ. ತಮ್ಮನಿಗೆ ಓದಿ ಹೇಳಿದೆ. "ಆರಂಭಿಕ ಅಂದ್ರೆ ಮೊದಲನೇ ದಿನಾನಾ?" ಅಂತ ಕೇಳಿದ. ಅಳಿಸಿದೆ.

ಪದ ಸಿಕ್ಕಿದ್ದು ಅಂಗಡಿಯ ಅಂಗಳದಲ್ಲಿ. ಅಪ್ಪ, ಮಗ ಇಬ್ಬರು ಬಂದಿದ್ದರು. ಅರ್ಧ ಎಚ್‌ಪಿ ಮೋಟ್ರನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನ ಮೇಲೆ ತಂದಿದ್ದರು, ಇಲ್ಲೇ ಓಡಿಸಿ ನೋಡಿಕೊಂಡು ಹೋಗೋಣ ಅಂತ. ಮಗನ ಲೆಕ್ಕ ಮೇಲ್ನೋಟಕ್ಕೆ ಸರಿಯಾಗೇ ಇತ್ತು. "ಒಂದು ಎಚ್‌ಪಿ ಅಂದ್ರೆ 746 ವ್ಯಾಟು. ಅರ್ಧ ಅಂದ್ರೆ 373. ಈ ಜನರೇಟರ್ ಒಂದು ಕೆವಿಎ. ಧಾರಾಳವಾಗಿ ಸಾಕು." (ಕೆವಿಎ ಅನ್ನೋದು ಜನರೇಟರಿನ ಶಕ್ತಿಯ ಅಳತೆ.) ತಮ್ಮ ಹಗ್ಗ ಎಳೆದ, ಎರಡನೇ ಎಳೆತಕ್ಕೆ ಜನರೇಟರ್ ಶುರುವಾಯಿತು. ಮೊದಲು ಒಂದು ಬಲ್ಬು ಹಾಕಿದ, ಚೆನ್ನಾಗಿ ಉರಿಯಿತು. ಆಮೇಲೆ ಮೋಟ್ರಿನ ಸ್ವಿಚ್ ಒತ್ತಿದ. ಎಂಜಿನ್ ಸದ್ದು ಒಮ್ಮೆಲೇ ದಪ್ಪ ಆಯಿತು, ತಿಣುಕತೊಡಗಿತು. ಬಲ್ಬು ಮಂಕಾಗಿ ಕೆಂಪಗಾಯಿತು. ಮೋಟ್ರು ಗುಂಯ್ ಅನ್ನುತ್ತಿದೆ, ತಿರುಗುತ್ತಿಲ್ಲ. ಟಕ್ ಅಂತ ಜನರೇಟರಿನ ಬ್ರೇಕರ್ ಬಿತ್ತು.

ಮಗ ಬಗ್ಗಿ ಅದರ ಮೇಲಿನ ಅಂಕಿ ಮತ್ತೆ ಓದುತ್ತಿದ್ದ. ಅಪ್ಪ ಕುರ್ಚಿಯಿಂದ ಏಳದೆ ಹೇಳಿದರು: "ಎತ್ಕೊಳಕ್ ಆಯ್ತಿಲ್ಲ ಕಣಪ್ಪ ಅದ್ಕೆ. ಯಾರಾರ ಎತ್ತಿಕೊಟ್ರೆ ಹೊತ್ಕೊಂಡ್ ಹೋಯ್ತದೆ."

ನನಗೆ ಮೈ ಜುಮ್ ಅಂದಿತು. ಹುಲ್ಲಿನ ಹೊರೆ, ಸೌದೆ ಹೊರೆ ಹೊತ್ತವರಿಗೆಲ್ಲ ಗೊತ್ತಿರುವ ಮಾತು ಅದು. ಹೊರೆ ತಲೆ ಮೇಲೆ ಕೂತ ಮೇಲೆ ಒಂದು ಮೈಲಿ ನಡೆದುಬಿಡಬಹುದು. ನೆಲದಿಂದ ತಲೆಗೆ ಏರಿಸೋದೇ ಕಷ್ಟ. ಅದಕ್ಕೇ ದಾರಿಯಲ್ಲಿ ಹೋಗುವವರನ್ನು ಕರೆದು "ಸ್ವಲ್ಪ ಹೊರೆ ಎತ್ತಿಕೊಡಪ್ಪ" ಅನ್ನೋದು. ಮೋಟ್ರಿನದೂ ಅದೇ ಕಥೆ. ನಿಂತಿರುವ ಚಕ್ರವನ್ನು ತಿರುಗಿಸಲು ಬೇಕಾಗುವ ಕಸುವು ತುಂಬಾ ಜಾಸ್ತಿ, ತಿರುಗುತ್ತಿರುವ ಚಕ್ರವನ್ನು ತಿರುಗಿಸುತ್ತಾ ಇರಲು ಬೇಕಾದದ್ದು ಕಮ್ಮಿ. ಲೈನಿನ ಕರೆಂಟಾದರೆ ಆ ಒಂದೆರಡು ಸೆಕೆಂಡು ಎತ್ತಿಕೊಡುತ್ತೆ. ಕಂಬ ಇಲ್ಲದ ಕಡೆ ಸಣ್ಣ ಜನರೇಟರ್ ಒಂಟಿ, ಅದಕ್ಕೆ ಎತ್ತಿಕೊಡುವವರು ಯಾರೂ ಇಲ್ಲ. ನಮ್ಮ ರೈತರು "ವೋಲ್ಟೇಜ್ ಇಲ್ಲ, ಮೋಟ್ರು ಎತ್ತುತ್ತಿಲ್ಲ" ಅನ್ನುವಾಗಲೂ ಇದೇ 'ಎತ್ತು' ಅಲ್ವಾ?

ಹಾಗಾಗಿ ಈಗ ಹೀಗೆ ಬರೆದಿದ್ದೇನೆ: "ಪ್ರತಿ ಮೋಟ್ರಿಗೂ ಎರಡು ಹೊರೆ. ಎತ್ತುವ ಹೊರೆ ಬೇರೆ, ಹೊತ್ತು ನಡೆಯುವ ಹೊರೆ ಬೇರೆ. ಜನರೇಟರ್ ಆಯ್ಕೆ ಮಾಡುವಾಗ ಎತ್ತುವ ಹೊರೆ ನೋಡಿ. ಒಂದು ಕೆವಿಎ ಅಂದರೆ ಸಾವಿರ ವ್ಯಾಟ್ ಅಂತ ತಿಳಿಯಬೇಡಿ, ಸುಮಾರು 800 ಅಂತ ಹಿಡಿಯಿರಿ."

ಇಲ್ಲಿ ನನ್ನ ಮೊದಲ ಪ್ರಶ್ನೆ. 'ಎತ್ತುವ ಹೊರೆ' ಅನ್ನೋದನ್ನು 'ಎತ್ತುಹೊರೆ' ಅಂತ ಒಂದೇ ಪದ ಮಾಡಬಹುದಾ? ಪಟ್ಟಿಯಲ್ಲಿ ಬರೆಯಲು ಚಿಕ್ಕದಾಗಿರುತ್ತೆ. ನನ್ನ ಅಳುಕು ಏನೆಂದರೆ, ಇದನ್ನು ಎತ್ತಿನ ಮೇಲೆ ಹೇರುವ ಹೊರೆ ಅಂತ ಓದಿಕೊಂಡರೆ? ಓಡುವಾಗಿನ ಲೆಕ್ಕಕ್ಕೆ ಬರೀ 'ಹೊರೆ' ಸಾಕು ಅನ್ನಿಸುತ್ತೆ. ಹೊರು ಅನ್ನೋದರಿಂದಲೇ ಹೊರೆ ಬಂದಿರೋದು, 'ಹೊರುವ ಹೊರೆ' ಅನ್ನೋದು ಸುಮ್ನೆ ಎರಡು ಸಲ ಹೇಳಿದ ಹಾಗೆ. ನಿಮ್ಮ ಊರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು ಏನನ್ನುತ್ತಾರೆ ಅಂತ ಕೇಳಿ ತಿಳಿಸಿದರೆ ತುಂಬಾ ಉಪಕಾರ.

ಚೋಕ್ ಬಗ್ಗೆ ಎರಡೇ ಮಾತು. ಬೈಕ್ ಓಡಿಸುವವರಿಗೆ ಚೋಕ್ ಅಂದರೆ ಎಂಜಿನ್ ತಣ್ಣಗಿದ್ದಾಗ ಎಳೆಯೋದು. ಮನೆಯಲ್ಲಿರುವ ಹೆಂಗಸರಿಗೆ, ವಯಸ್ಸಾದವರಿಗೆ ಅದು ಟ್ಯೂಬ್‌ಲೈಟಿನ ಚೋಕ್. ಪದ ಬದಲಿಸುವ ಬದಲು ಆ ಹಿಡಿಯ ಚಿತ್ರ ಹಾಕುತ್ತಿದ್ದೇವೆ. 'ಇನ್ವರ್ಟರ್ ಜನರೇಟರ್' ಅನ್ನೋದನ್ನೂ ಬಿಟ್ಟೆವು. ನಮ್ಮ ಕಡೆ ಇನ್ವರ್ಟರ್, ಯುಪಿಎಸ್ ಎರಡೂ ಮನೆಯ ಬ್ಯಾಟರಿ ಪೆಟ್ಟಿಗೆಯ ಹೆಸರೇ. "ಇದರಲ್ಲಿ ಬ್ಯಾಟರಿ ಎಲ್ಲಿದೆ?" ಅಂತ ಕೇಳದವರಿಲ್ಲ. ಕೆಲಸ ಕಮ್ಮಿ ಇದ್ದಾಗ ಎಂಜಿನ್ ತಾನೇ ನಿಧಾನವಾಗಿ, ಸದ್ದು ಇಳಿಯೋದು ಅದರ ಗುಣ. 'ಸದ್ದು ಕಮ್ಮಿ ಜನರೇಟರ್' ಅಂತ ಬರೆದೆ, ಎಲ್ಲರಿಗೂ ಅರ್ಥ ಆಯಿತು.

ಎರಡನೇ ಪ್ರಶ್ನೆ ಇದಕ್ಕಿಂತ ದೊಡ್ಡದು. ಇದರಲ್ಲಿ ಪದ ತಪ್ಪಿದರೆ ಜೀವ ಹೋಗುತ್ತೆ.

ಹಾಳೆಯ ಮೊದಲ ಸಾಲು ಹೀಗಿತ್ತು: "ಹೊಗೆ ಒಳಗೆ ಬಾರದಂತೆ ಹೊರಗೆ ಇಡಿ." ಒಬ್ಬರು ಅದನ್ನು ಓದಿಕೊಂಡೇ ಒಯ್ದರು. ರಾತ್ರಿ ಮಳೆ ಬಂತಂತೆ, ಜನರೇಟರನ್ನು ಟೆಂಟಿನ ಬಾಗಿಲೊಳಗೆ ಎಳೆದುಕೊಂಡರಂತೆ. ತಲೆನೋವು ಶುರುವಾಗಿ ಎದ್ದು ಆರಿಸಿದ್ದಾರೆ, ಉಳಿದುಕೊಂಡಿದ್ದಾರೆ. ಬೆಳಿಗ್ಗೆ ವಾಪಸ್ ಕೊಡುವಾಗ ಅವರು ಹೇಳಿದ್ದು, "ಹೊಗೇನೇ ಬರ್ತಿರಲಿಲ್ಲವಲ್ಲ ಸಾರ್, ಹೊಸ ಮಿಷನ್ನು." ಅವರ ತಪ್ಪಲ್ಲ, ನನ್ನ ಪದದ ತಪ್ಪು. ಕನ್ನಡದಲ್ಲಿ ಹೊಗೆ ಅಂದರೆ ಕಣ್ಣಿಗೆ ಕಾಣುವಂಥದ್ದು, ಕಣ್ಣು ಉರಿಸುವಂಥದ್ದು. ಕೊಲ್ಲುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತೆ. ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು.

'ವಿಷಾನಿಲ' ಅಂದರೆ ಕಾರ್ಖಾನೆಯದು ಅನ್ನಿಸುತ್ತೆ. 'ಕೆಟ್ಟ ಗಾಳಿ' ಚೆನ್ನಾಗಿದೆ ಅಂದುಕೊಂಡೆ. ನಮ್ಮ ಅತ್ತೆಗೆ ಓದಿ ಹೇಳಿದರೆ, "ಯಾರಿಗಪ್ಪ ಗಾಳಿ ಮೆಟ್ಕೊಂಡಿರೋದು?" ಅಂದರು. ಗಾಳಿ ಸೋಕೋದು, ಗಾಳಿ ಬಿಡಿಸೋದು ಇನ್ನೂ ಬಳಕೆಯಲ್ಲಿರುವ ಕಡೆ ಆ ಪದ ನಡೆಯಲ್ಲ. ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುತ್ತಾರಲ್ಲ, ಆ ಕೆಲಸದವರ ಹತ್ತಿರ ಪದ ಇರಬಹುದು ಅಂತಲೂ ಯೋಚಿಸಿದೆ. ಆದರೆ ಅಲ್ಲಿ ದೀಪ ಆರಿ ಸುಳಿವು ಕೊಡುತ್ತೆ. ಇಲ್ಲಿ ಟೆಂಟಿನಲ್ಲಿ ದೀಪ ಉರಿಯುತ್ತಲೇ ಇರುತ್ತೆ, ಮನುಷ್ಯ ಬೀಳುತ್ತಾನೆ. ಅತ್ತೆಯೇ ಇನ್ನೊಂದು ಮಾತು ನೆನಪಿಸಿದರು. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟರೆ ಬಾಗಿಲು ಪೂರ್ತಿ ಹಾಕಬಾರದು ಅಂತ ಅವರ ಕಾಲದವರು ಹೇಳುತ್ತಿದ್ದರಂತೆ. ಹೊಗೆಯಾಡದ ಕೆಂಡದಿಂದ ಬರುವುದೂ ಇದೇ ಅನಿಲ. ಅದಕ್ಕೆ ಹೆಸರೇನು ಅಂದೆ. "ಹೆಸರಿಲ್ಲ, ಬಾಗಿಲು ಹಾಕ್ಬೇಡ ಅಂತಿದ್ರು ಅಷ್ಟೇ" ಅಂದರು.

ಸದ್ಯಕ್ಕೆ ಹೀಗೆ ಇಟ್ಟಿದ್ದೇನೆ: "ಸೈಲೆನ್ಸರಿಂದ ಬರುವ ಗಾಳಿ ಕೊಲ್ಲುತ್ತೆ. ಹೊಗೆ ಕಾಣದಿದ್ದರೂ ಕೊಲ್ಲುತ್ತೆ. ಮಳೆ ಬಂದರೂ ಟೆಂಟು, ಶೆಡ್ಡು, ಜಗಲಿಗೆ ತರಬೇಡಿ, ಆರಿಸಿಬಿಡಿ. ಮನೆ, ಟೆಂಟಿನಿಂದ 20 ಅಡಿ ದೂರ ಇರಲಿ, ಸೈಲೆನ್ಸರ್ ಆಚೆ ಮುಖ ಮಾಡಿರಲಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಎಲ್ಲರೂ ತಕ್ಷಣ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ."

'ಸೈಲೆನ್ಸರ್ ಗಾಳಿ' ಅನ್ನೋದು ಬೈಕು ಕಂಡ ಎಲ್ಲರಿಗೂ ತಿಳಿಯುತ್ತೆ ಅಂತ ನನ್ನ ನಂಬಿಕೆ. ಆದರೂ ಕಾಣದ, ಮೂಗಿಗೆ ಸಿಗದ, ಉಸಿರು ಕಟ್ಟಿಸುವ ಈ ವಸ್ತುವಿಗೆ ಕನ್ನಡದಲ್ಲಿ ಎಲ್ಲಾದರೂ ಹೆಸರು ಇದೆಯಾ? ಇದ್ದಿಲು ಸುಡುವವರು, ಕಮ್ಮಾರರು, ಇಟ್ಟಿಗೆ ಗೂಡಿನವರು, ಆಲೆಮನೆಯಲ್ಲಿ ಒಲೆ ಉರಿ ನೋಡಿಕೊಳ್ಳುವವರು, ಮಲೆನಾಡಿನಲ್ಲಿ ಚಳಿಗೆ ಅಗ್ಗಿಷ್ಟಿಕೆ ಇಡುವವರು, ಇವರಲ್ಲಿ ಯಾರ ಮಾತಿನಲ್ಲಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ. ಊರಿನ ಹೆಸರೂ ಜೊತೆಗಿರಲಿ.

ಹಾಳೆ ಶನಿವಾರ ಲ್ಯಾಮಿನೇಷನ್‌ಗೆ ಹೋಗುತ್ತೆ. ಆಮೇಲೆ ಒಳ್ಳೆಯ ಪದ ಬಂದರೂ ಪರವಾಗಿಲ್ಲ, ನಾಲ್ಕೇ ಹಾಳೆ ತಾನೆ, ಬಿಚ್ಚಿ ಬೇರೆ ಕಟ್ಟಿಸುತ್ತೇನೆ.