‘ಹ್ಯಾವ್ ನಾಟ್’ ಬರೆದರೆ ಸಾಕು, ಕೆಂಪು ಗೆರೆ! ಯಾರಾದರೂ ಬಿಡಿಸಿ ಹೇಳ್ರಿ

ತೊಗರಿಹೊಲ (ಯಾದಗಿರಿ): ಎರಡು ದಿನದಿಂದ ಇದೇ ಗೋಳು. ಮಾರ್ಕ್ಸ್ ಕಾರ್ಡ್ ಸಲುವಾಗಿ ಆಫೀಸಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ‘ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಮಾರ್ಕ್ಸ್ ಕಾರ್ಡ್’ ಅಂತ ಬರೆದರೆ ಮೊಬೈಲಿನ ಗ್ರಾಮರ್ ಆ್ಯಪ್ ಕೆಂಪು ಗೆರೆ ಎಳೆಯುತ್ತದೆ. ‘ಹ್ಯಾವಂಟ್’ ಮಾಡಿದೆ, ಹೋಗಲಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿದೆ, ಹೋಗಲಿಲ್ಲ. ಸಿಟ್ಟಿಗೆ ‘ನಾಟ್’ ಅನ್ನೇ ತೆಗೆದು ನೋಡಿದೆ, ಆಗಲೂ ಹೋಗಲಿಲ್ಲ. ‘ಹ್ಯಾವ್’ ಬರುವ ಈ ಪರ್ಫೆಕ್ಟ್ ಟೆನ್ಸ್ ಅಂದರೆ ಈಗ ಭಯ ಆಗುತ್ತದೆ.

ಭೀಮಾದಂಡೆ: ಭಾಷೆಯ ಸೆಟ್ಟಿಂಗ್ ಅಮೆರಿಕನ್ ಇಂಗ್ಲಿಷ್ ಇರಬೇಕು ನೋಡಿ. ಅಲ್ಲಿಯವರು ಮಾತಿನಲ್ಲಿ ‘ಐ ಡಿಡಂಟ್ ಈಟ್ ಯೆಟ್’ ಅಂತಾರೆ. ಬ್ರಿಟಿಷರಿಗೆ ‘ಐ ಹ್ಯಾವಂಟ್ ಈಟನ್ ಯೆಟ್’ ಆಗಬೇಕು. ಬ್ರಿಟಿಷ್‌ಗೆ ಬದಲಾಯಿಸಿ, ಸರಿ ಹೋಗುತ್ತದೆ.

ತೊಗರಿಹೊಲ: ಬದಲಾಯಿಸಿದೆ ಅಣ್ಣಾ. ಗೆರೆ ಹಾಗೇ ಇದೆ.

ಭೀಮಾದಂಡೆ: ಫೋನ್ ರೀಸ್ಟಾರ್ಟ್ ಮಾಡಿದ್ರಾ? ಕೀಬೋರ್ಡಿನ ಭಾಷೆ ಬೇರೆ, ಆ್ಯಪಿನ ಭಾಷೆ ಬೇರೆ. ಎರಡೂ ಬದಲಾಗಬೇಕು.

ತೊಗರಿಹೊಲ: ಎರಡೂ ಆಯಿತು. ಹಾಗೇ ಇದೆ.

ಬಿದರಿಹೂಜಿ (ಬೀದರ್): ಅಮೆರಿಕದಲ್ಲೂ ‘ಹ್ಯಾವಂಟ್ ರಿಸೀವ್ಡ್’ ಸರಿಯೇ. ಸುಮ್ನೆ ಸೆಟ್ಟಿಂಗ್ ಹಿಂದೆ ಓಡಿಸಬೇಡಿ. ತಮ್ಮಾ, ಎಲ್ಲೋ ‘ನೆವರ್’ ಸೇರಿಸಿದ್ದೀರಿ ಅಂತ ನನ್ನ ಅನುಮಾನ. ಕನ್ನಡದಲ್ಲಿ ‘ಯಾವತ್ತೂ ನೋಡಿಲ್ಲ’ ಅನ್ನುತ್ತೇವೆ. ಅಲ್ಲಿ ಇಲ್ಲ ಅನ್ನುವುದು ಕ್ರಿಯಾಪದದಲ್ಲಿದೆ, ‘ಯಾವತ್ತೂ’ದಲ್ಲಿ ಇಲ್ಲ. ಆದರೆ ‘ನೆವರ್’ ಹೊಟ್ಟೆಯಲ್ಲೇ ‘ನಾಟ್’ ಇದೆ. ಅದು ಗೊತ್ತಿಲ್ಲದೆ ಹುಡುಗರು ‘ಐ ಹ್ಯಾವ್ ನೆವರ್ ನಾಟ್ ಸೀನ್’ ಅಂತ ಬರೆದು ಅರ್ಥವನ್ನೇ ಉಲ್ಟಾ ಮಾಡುತ್ತಾರೆ. ‘ಹ್ಯಾವ್ ನೆವರ್ ಸೀನ್’ ಅನ್ನಿ, ಇಲ್ಲಾಂದ್ರೆ ‘ಹ್ಯಾವಂಟ್ ಎವರ್ ಸೀನ್’ ಅನ್ನಿ. ಒಂದು ವಾಕ್ಯಕ್ಕೆ ಒಂದೇ ಇಲ್ಲ.

ತೊಗರಿಹೊಲ: ನನ್ನ ವಾಕ್ಯದಲ್ಲಿ ನೆವರ್ ಇಲ್ಲ ಅಕ್ಕಾ.

ಬಿದರಿಹೂಜಿ: ‘ಹಾರ್ಡ್ಲಿ’? ‘ನೋಬಡಿ’? ಅವೂ ಅದೇ ಜಾತಿ. ಇನ್ನೊಮ್ಮೆ ಸರಿಯಾಗಿ ನೋಡಿ.

ತೊಗರಿಹೊಲ: ಇಲ್ಲ ಅಂದೆನಲ್ಲ ಅಕ್ಕಾ!

ಕೋಟೆಬಾಗಿಲು (ಕಲಬುರಗಿ): ನೆವರ್ ಮಾತು ಬಂತು ಅಂತ ಹೇಳ್ತೀನಿ. ಅದನ್ನು ವಾಕ್ಯದ ಮುಂದಕ್ಕೆ ತಂದರೆ ‘ಹ್ಯಾವ್’ ಕೂಡ ಜಿಗಿದು ಮುಂದೆ ಬರುತ್ತದೆ: ‘ನೆವರ್ ಹ್ಯಾವ್ ಐ ಸೀನ್ ಸಚ್ ಹೀಟ್’. ‘ನೋ ಸೂನರ್ ಹ್ಯಾಡ್’ ಬಂದರೆ ಮುಂದೆ ‘ದ್ಯಾನ್’. ‘ಹಾರ್ಡ್ಲಿ ಹ್ಯಾಡ್’ ಬಂದರೆ ‘ವೆನ್’. ಇವೆರಡನ್ನು ಅದಲು ಬದಲು ಮಾಡಿದರೆ ಪರೀಕ್ಷೆಯಲ್ಲಿ ಮಾರ್ಕು ಹೋಯಿತು ಅಂತಲೇ ಲೆಕ್ಕ. ನಾನು ಇದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ರಾತ್ರಿ ಹನ್ನೊಂದಕ್ಕೆ ಓದಲು ಕೂರೋದು. ಕರೆಂಟ್ ಹೋದರೆ ಚಾರ್ಜಿಂಗ್ ಲ್ಯಾಂಪ್, ಕೂಲರ್ ಸದ್ದಿಗೆ ಹೆಡ್‌ಫೋನ್, ಗೋಡೆ ತುಂಬಾ ಚೀಟಿ. ಫೋಟೋ ಬೇಕಾದರೆ ಹಾಕುತ್ತೇನೆ.

ಭೀಮಾದಂಡೆ: ವಾಡಿ ಜಂಕ್ಷನ್‌ನಲ್ಲಿ ನಿಂತು ಯಾರಾದರೂ ‘ನೋ ಸೂನರ್ ಹ್ಯಾಡ್ ದ ಟ್ರೇನ್ ಅರೈವ್ಡ್’ ಅಂತಾರೇನ್ರಿ?

ಕೋಟೆಬಾಗಿಲು: ಪರೀಕ್ಷೆ ವಾಡಿ ಜಂಕ್ಷನ್‌ನಲ್ಲಿ ಬರೆಯಲ್ಲ ಸ್ವಾಮಿ. ನೀವು ನಿಮ್ಮ ಸೆಟ್ಟಿಂಗ್ ನೋಡ್ಕೊಳ್ಳಿ.

ಹಳೇಮಾಸ್ತರ: ‘ನಾಟ್’ ತೆಗೆದರೂ ಗೆರೆ ಹೋಗಲಿಲ್ಲ ಅಂತ ಹುಡುಗ ಮೊದಲೇ ಬರೆದಿದ್ದಾನೆ. ಒಬ್ಬರೂ ಓದಿಲ್ಲ. ಅಂದಮೇಲೆ ಇದು ನಾಟ್‌ನ ತಪ್ಪೂ ಅಲ್ಲ, ನೆವರ್‌ನ ತಪ್ಪೂ ಅಲ್ಲ. ತಮ್ಮಾ, ಇಡೀ ವಾಕ್ಯ ಹಾಕು. ಅರ್ಧ ಅಲ್ಲ, ಇಡೀದು.

ತೊಗರಿಹೊಲ: ಇಡೀದು ಅಂದರೆ ಇಷ್ಟೇ ಸರ್: ‘ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಮಾರ್ಕ್ಸ್ ಕಾರ್ಡ್ ಲಾಸ್ಟ್ ಮಂಡೇ’. ಹೋದ ಸೋಮವಾರ ಕೊಡ್ತೀವಿ ಅಂದಿದ್ದರು. ದಿನದ ಹೆಸರಿನಲ್ಲಿ ಏನಿದೆ ಅಂತ ಇಲ್ಲಿ ಹಾಕಿರಲಿಲ್ಲ.

ಹಳೇಮಾಸ್ತರ: ಅದರಲ್ಲೇ ಎಲ್ಲ ಇದೆ ಮಾರಾಯ. ‘ಹ್ಯಾವ್ ನಾಟ್ ರಿಸೀವ್ಡ್’ ಅಂದರೆ ಈ ಗಳಿಗೆಯ ತನಕ ಸಿಕ್ಕಿಲ್ಲ ಅಂತ. ಬಾಗಿಲು ಇನ್ನೂ ತೆರೆದಿದೆ, ನಾಳೆ ಸಿಗಬಹುದು. ‘ಲಾಸ್ಟ್ ಮಂಡೇ’ ಮುಗಿದುಹೋದ ದಿನ. ಇವೆರಡೂ ಒಂದೇ ಬೆಂಚಿನ ಮೇಲೆ ಕೂರಲ್ಲ. ಬ್ರಿಟಿಷ್ ಆಗಲಿ ಅಮೆರಿಕನ್ ಆಗಲಿ, ಇದು ಬದಲಾಗಲ್ಲ. ಮುಗಿದ ದಿನದ ಜೊತೆ ‘ಡಿಡ್ ನಾಟ್ ರಿಸೀವ್’ ಬರಬೇಕು. ಆದರೆ ಬರೀ ಅಷ್ಟನ್ನೇ ಬರೆದರೆ ಸೋಮವಾರ ಸಿಗಲಿಲ್ಲ, ಮಂಗಳವಾರ ಸಿಕ್ಕಿರಬಹುದು ಅಂತ ಆಫೀಸಿನವರು ಫೈಲ್ ಮುಚ್ಚುತ್ತಾರೆ.

ತೊಗರಿಹೊಲ: ‘ಸಿನ್ಸ್ ಲಾಸ್ಟ್ ಮಂಡೇ’ ಮಾಡಲೇ ಸರ್? ಈಗ ಹಾಕಿ ನೋಡಿದೆ, ಗೆರೆ ಹೋಯಿತು!

ಹಳೇಮಾಸ್ತರ: ಗೆರೆ ಹೋದರೆ ಸಾಕಾ? ನಿನ್ನ ಮಾರ್ಕ್ಸ್ ಕಾರ್ಡ್ ವಾರಕ್ಕೊಮ್ಮೆ ಬರುವ ಪತ್ರಿಕೆಯಾ, ಸೋಮವಾರದಿಂದ ನಿಂತುಹೋಯಿತು ಅನ್ನಲು? ಗುಲ್ಬರ್ಗಾ ಅನ್ನುವ ಊರಿನ ಹೆಸರು 2014ರಲ್ಲಿ ಕಲಬುರಗಿ ಅಂತ ಬದಲಾಯಿತು. ‘ಐ ಹ್ಯಾವಂಟ್ ರಿಟನ್ ಗುಲ್ಬರ್ಗಾ ಸಿನ್ಸ್ 2014’ ಅಂದರೆ ಸರಿ, ಅದು ದಿನಾ ಬರೆಯುತ್ತಿದ್ದ ಹೆಸರು. ನೀನು ಹೀಗೆ ಬರೆ: ‘ಐ ವಾಸ್ ಟೋಲ್ಡ್ ಐ ವುಡ್ ಗೆಟ್ ಇಟ್ ಲಾಸ್ಟ್ ಮಂಡೇ, ಬಟ್ ಐ ಸ್ಟಿಲ್ ಹ್ಯಾವಂಟ್ ರಿಸೀವ್ಡ್ ಇಟ್’. ಸೋಮವಾರ ಅವರ ಮಾತಿಗೆ, ಹ್ಯಾವಂಟ್ ನಿನ್ನ ಪಾಡಿಗೆ.

ಬಿದರಿಹೂಜಿ: ಈ ತಪ್ಪು ನಮ್ಮ ಕಡೆ ಯಾಕೆ ಜಾಸ್ತಿ ಅಂತ ಈಗ ಹೊಳೆಯಿತು. ಕನ್ನಡದಲ್ಲಿ ‘ಬರಲಿಲ್ಲ’ ಬೇರೆ, ‘ಬಂದಿಲ್ಲ’ ಬೇರೆ. ಆದರೂ ಮಾತಿನಲ್ಲಿ ‘ನಿನ್ನೆ ಅವನು ಬಂದಿಲ್ಲ’ ಅಂದುಬಿಡುತ್ತೇವೆ. ನಮ್ಮ ಓಣಿಯ ದಖನಿ ಉರ್ದುವಿನಲ್ಲಂತೂ ಎರಡಕ್ಕೂ ‘ನೈ ಆಯಾ’ ಒಂದೇ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟರೆ ಸೋಮವಾರದ ಪಕ್ಕ ಹ್ಯಾವ್ ಬಂದು ಕೂರುತ್ತದೆ.

ಭೀಮಾದಂಡೆ: ಏನೇ ಆಗಲಿ, ಸೆಟ್ಟಿಂಗ್ ಬ್ರಿಟಿಷ್ ಇರೋದೇ ಒಳ್ಳೇದು.

ತೊಗರಿಹೊಲ: ಸರ್, ನಾನು ‘ಹ್ಯಾವಂಟ್ ಸ್ಟಿಲ್ ರಿಸೀವ್ಡ್’ ಅಂತ ಟೈಪ್ ಮಾಡಿದ್ದೆ. ಮತ್ತೆ ಕೆಂಪು.

ಹಳೇಮಾಸ್ತರ: ನಾನು ಬರೆದದ್ದನ್ನು ಹಾಗೇ ಇಳಿಸಿಕೋ ಅಂದರೆ ಕೇಳಲ್ಲ. ನಮ್ಮ ‘ಇನ್ನೂ’ ಅಲ್ಲಿ ಎರಡಾಗಿ ಒಡೆದಿದೆ. ‘ಸ್ಟಿಲ್’ ಹ್ಯಾವಂಟ್‌ಗಿಂತ ಮುಂದೆ, ‘ಯೆಟ್’ ಸಾಮಾನ್ಯವಾಗಿ ಕೊನೆಗೆ. ಸ್ಟಿಲ್ ಅಂದರೆ ಸ್ವಲ್ಪ ಬೇಜಾರೂ ಕೇಳಿಸುತ್ತದೆ. ನಿನಗೆ ಅದೇ ಬೇಕು ಅಲ್ವಾ?

ತೊಗರಿಹೊಲ: ಗೆರೆ ಹೋಯಿತು ಸರ್, ಮೇಲ್ ಕಳಿಸಿದೆ. ಹತ್ತೇ ನಿಮಿಷಕ್ಕೆ ಆಫೀಸಿನಿಂದ ಉತ್ತರ ಬಂತು, ಕನ್ನಡದಲ್ಲಿ: ‘ಇನ್ನೂ ಬಂದಿಲ್ಲ’.

ಬಿದರಿಹೂಜಿ: ವ್ಯಾಕರಣ ಸರಿಯಾಗಿದೆ 😄

ಭೀಮಾದಂಡೆ: ಕೋಟೆಬಾಗಿಲು, ಆ ಚಾರ್ಜಿಂಗ್ ಲ್ಯಾಂಪ್ ಎಷ್ಟಕ್ಕೆ ತಗೊಂಡ್ರಿ? ನನ್ನದು ಅರ್ಧ ಗಂಟೆಗೇ ಆರಿಹೋಗುತ್ತದೆ.