ಫ್ಲೆಕ್ಸಿನ ಕೊನೇ ಸಾಲು

(ಗುಂಪು: 96ರ ಬ್ಯಾಚ್, ಹಾಸನ)

ಸುಧಾ: ಈ ಫೋಟೋ ನೋಡಿ. ನಮ್ಮ ಶಾಲೆ ಗೇಟಿನಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಿನ ಹೊಸ ಫ್ಲೆಕ್ಸ್. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುವಾಗ ಕಂಡಿತು. ಚೆನ್ನಾಗಿದೆ ಅಲ್ವಾ!

ಶಫಿ: 625ಕ್ಕೆ 611! ನಾನು ಮೂರು ವರ್ಷ ಸೇರಿಸಿದರೂ ಅಷ್ಟು ಬಂದಿರಲಿಲ್ಲ 😀

ಹೇಮಾ: ಕೊನೇ ಸಾಲು ಓದಿದ್ರಾ? "ಸಾಂಸ್ಕೃತಿಕ ಸ್ಪರ್ಧೆಗಳಲ್ಲಿ ವಿಜೇತರಾದ ಮಕ್ಕಳಿಗೂ ಅಭಿನಂದನೆ." ಅಷ್ಟೇ. ಝೂಮ್ ಮಾಡದಿದ್ದರೆ ಕಾಣುವುದೂ ಇಲ್ಲ. ಆ "ಮಕ್ಕಳಿಗೂ" ಅನ್ನುವುದರಲ್ಲಿ ನಮ್ಮ ಬೀದಿಯ ಹುಡುಗಿ ಒಬ್ಬಳಿದ್ದಾಳೆ. 9ನೇ ಕ್ಲಾಸು. ಕಲೋತ್ಸವದಲ್ಲಿ ಮೃದಂಗ ನುಡಿಸಿ ಜಿಲ್ಲೆಗೆ ಮೊದಲು ಬಂದಳು. ದಿನಾ ಸಂಜೆ ರವೆ ಕಲಸಿ ಮೃದಂಗದ ಎಡಗಡೆ ಮುಖಕ್ಕೆ ಮೆತ್ತಿ ನುಡಿಸಲು ಕೂರುತ್ತಾಳೆ, ಮುಗಿದ ಮೇಲೆ ಕೆರೆದು ಒರೆಸಿ ಇಡುತ್ತಾಳೆ, ಆಮೇಲೆ ಹೋಮ್‌ವರ್ಕ್. ಅವಳಿಗೆ ಹೆಸರಿಲ್ಲವಾ?

ಮಂಜ: ಇದು ಅನ್ಯಾಯ. ಶಾಲೆಯವರಿಗೆ ಫೋನ್ ಮಾಡಬೇಕು. ನಾಚಿಕೆ ಆಗಬೇಕು ಅವರಿಗೆ.

ಲೋಕೇಶ: ಸುಮ್ನೆ ದೊಡ್ಡದು ಮಾಡಬೇಡಿ ಮಾರಾಯ್ರೆ. ಹತ್ತು ಅಡಿ ಫ್ಲೆಕ್ಸಲ್ಲಿ ರಂಗೋಲಿ, ಭಾವಗೀತೆ, ಕವ್ವಾಲಿ, ಮಿಮಿಕ್ರಿ ಎಲ್ಲಾ ಹಾಕೋಕಾಗುತ್ತಾ? ಊರವರು ನೋಡುವುದು ರಿಸಲ್ಟು. ಪಿಯುಸಿ ಸೀಟು ಕೊಡುವಾಗ ಮೃದಂಗ ಬಾರಿಸು ಅಂತ ಯಾರೂ ಕೇಳುವುದಿಲ್ಲ.

ಶಫಿ: ಕವ್ವಾಲಿ ಬಗ್ಗೆ ಹಗುರವಾಗಿ ಮಾತಾಡಬೇಡ 😡

ಹೇಮಾ: ಕೇರಳದಲ್ಲಿ ಶಾಲಾ ಕಲೋತ್ಸವದ ಎ ಗ್ರೇಡಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ಸ್ ಇದೆ ಲೋಕೇಶ.

ಲೋಕೇಶ: ಗೊತ್ತು. ಮಾರ್ಕ್ಸ್ ಇದೆ ಅಂತಲೇ ಅಲ್ಲಿ ಅಪ್ಪ ಅಮ್ಮ ತೀರ್ಪುಗಾರರ ಮೇಲೆ ಅಪೀಲು ಹಾಕಿ ಕೋರ್ಟಿಗೂ ಹೋಗುತ್ತಾರೆ. ಅದೂ ಬೇಕಾ ನಮಗೆ? ಮಕ್ಕಳು ಖುಷಿಗೆ ಹಾಡಲಿ ಬಿಡು.

ಹೇಮಾ: ಖುಷಿಗೆ ಹಾಡಿದವರ ಹೆಸರು ಹಾಕಬಾರದು ಅಂತ ಎಲ್ಲಿದೆ? ನಮ್ಮ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನಲ್ಲಿ ರುದ್ರಪಟ್ಟಣ ಇದೆ. ಕಾವೇರಿ ದಡದ ಒಂದು ಹಳ್ಳಿ. ಗಾಯಕ ಆರ್.ಕೆ. ಶ್ರೀಕಂಠನ್ ಅಲ್ಲಿಯವರು, 2011ರಲ್ಲಿ ಪದ್ಮಭೂಷಣ ಬಂತು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಆ ಊರಿನ ಹೆಸರು ಹೇಳಿದರೆ ಸಾಕು, ಎಲ್ಲರಿಗೂ ಸಂಗೀತ ನೆನಪಾಗುತ್ತದೆ. ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಅಲ್ಲ.

ಲೋಕೇಶ: ಅದೇ ಶ್ರೀಕಂಠನ್ ಬಿ.ಎ. ಓದಿ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು ತಾಯಿ. ಓದು ಬಿಟ್ಟು ಹಾಡಿದವರಲ್ಲ.

ಹೇಮಾ: ಓದು ಬಿಡು ಅಂತ ನಾನೆಲ್ಲಿ ಅಂದೆ? ಹೆಸರು ಹಾಕಿ ಅಂದೆ. ಬೇಲೂರಿಗೆ ಹೋದಾಗ ಮದನಿಕೆಗಳ ಪೀಠ ನೋಡು, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ರಾಜ ಕಟ್ಟಿಸಿದ ಗುಡಿ, ಆದರೂ ಕೆಲಸ ಮಾಡಿದವನ ಹೆಸರಿಗೆ ಜಾಗ ಇತ್ತು. ಒಂಬೈನೂರು ವರ್ಷ ಆದಮೇಲೆ ನಮ್ಮ ಗೇಟಿನಲ್ಲಿ ಇಲ್ಲ.

ಮಂಜ: 👏👏👏 ಸರಿಯಾಗಿ ಹೇಳಿದೆ ಹೇಮಾ. ನಾಳೆಯೇ ಹೋಗಿ ಕೇಳೋಣ ಆ ಶಾಲೆಯವರನ್ನ.

ಸುಧಾ: ಚಿತ್ರದಲ್ಲೂ ಇಬ್ಬರು ಗೆದ್ದಿದ್ದಾರಂತೆ. ಕುಮಾರನೂ ಆಗ ಎಷ್ಟು ಚೆನ್ನಾಗಿ ಬರೀತಿದ್ದ ನೆನಪಿದೆಯಾ? ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸು ಮಾಡಿದ್ದು ಕ್ಲಾಸಲ್ಲಿ ಅವನೊಬ್ಬನೇ.

ಲೋಕೇಶ: ಮಾಡಿ ಏನಾಯ್ತು? ಫ್ಲೆಕ್ಸ್ ಅಂಗಡಿ.

ಶಫಿ: ಲೋಕೇಶ, ಅವನೂ ಈ ಗುಂಪಲ್ಲಿ ಇದ್ದಾನೆ.

ಲೋಕೇಶ: ತಮಾಷೆಗೆ ಅಂದೆ ಕಣೋ.

ಕುಮಾರ: ಬೆಳಿಗ್ಗೆಯಿಂದ ಓದುತ್ತಾ ಇದ್ದೇನೆ, ಮಾತಾಡುವುದು ಬೇಡ ಅಂತಿದ್ದೆ. ಹೌದು, ಫ್ಲೆಕ್ಸ್ ಅಂಗಡಿ. ಕೈಯಲ್ಲಿ ಬೋರ್ಡ್ ಬರೆಯುವವರನ್ನು ಯಾರೂ ಕರೆಯದೇ ಇದ್ದಾಗ ಸಾಲ ಮಾಡಿ ಮೆಷಿನ್ ತಂದೆ, ಅದರಲ್ಲೇ ಊಟ. ನೀವು ಜಗಳ ಆಡುತ್ತಿರುವ ಈ ಫ್ಲೆಕ್ಸೂ ನನ್ನ ಅಂಗಡಿಯದ್ದೇ. ಶಾಲೆಯವರನ್ನು ಬೈಯಬೇಡ ಮಂಜ. ಮೇಡಂ ಕೊಟ್ಟ ಪಟ್ಟಿಯಲ್ಲಿ ಆ ಐದೂ ಮಕ್ಕಳ ಹೆಸರು, ಕ್ಲಾಸು, ಯಾವ ಸ್ಪರ್ಧೆ, ಯಾರು ಕಲಿಸಿದ್ದು, ಎಲ್ಲಾ ಇತ್ತು. ಫೋಟೋನೂ ಇತ್ತು. ಮೊದಲ ಡಿಸೈನಲ್ಲಿ ಹಾಕಿಯೂ ಇದ್ದೆ. ಆಮೇಲೆ "ಪ್ರಾಯೋಜಕರು: 96ರ ಬ್ಯಾಚ್" ಅಂತ ನಮ್ಮ ಏಳು ಜನರ ಫೋಟೋ ಬಂತು, ಕೈ ಮುಗಿದುಕೊಂಡು ನಿಂತಿರುವುದು, ದೊಡ್ಡದಾಗಿ ಬರಬೇಕು ಅಂತ ಎರಡು ಸಲ ಫೋನು. ಜಾಗ ಸಾಲಲಿಲ್ಲ. ಡಿಲೀಟ್ ಒತ್ತಿದ್ದು ಹೈಯರ್ ಗ್ರೇಡ್ ಪಾಸಾದ ಇದೇ ಕೈ. ಫೋಟೋನ ಕೆಳಗಡೆ ಝೂಮ್ ಮಾಡಿ ನೋಡಿ, ನೀವೆಲ್ಲಾ ಸ್ಪಷ್ಟವಾಗಿ ಕಾಣುತ್ತೀರಿ.

ಸುಧಾ: ಅಯ್ಯೋ.

ಶಫಿ: ಎರಡು ಸಲ ಫೋನ್ ಮಾಡಿದ್ದು ಯಾರು?

ಕುಮಾರ: ಅದು ಬೇಡ ಬಿಡು. ಫೈಲು ಇನ್ನೂ ಇದೆ. ಇಬ್ಬರ ಫೋಟೋ ತೆಗೆದರೆ ಐದೂ ಮಕ್ಕಳು ಹಿಡಿಸುತ್ತಾರೆ. ಯಾರದ್ದು ತೆಗೆಯಲಿ ಹೇಳಿ.

ಶಫಿ: ಒಂದು ಗಂಟೆ ಆಯ್ತು. ಎಲ್ಲರೂ ಓದಿದ್ದೀರಿ, ನೀಲಿ ಟಿಕ್ ಬಂದಿದೆ. ನನ್ನದು ತೆಗೆಯಿರಿ ಅನ್ನೋಣ ಅಂದರೆ ನಾನು ದುಡ್ಡೇ ಕೊಟ್ಟಿರಲಿಲ್ಲ 😀

ಮಂಜ: ನನ್ನದು ತೆಗಿ ಕುಮಾರ. ಫೋನ್ ಮಾಡಿದ್ದು ನಾನೇ.

ಲೋಕೇಶ: ನನ್ನದೂ ತೆಗಿ. ಹೊಸ ಪ್ರಿಂಟಿನ ದುಡ್ಡು ನಾನು ಕಳಿಸುತ್ತೇನೆ. ಗ್ರೇಸ್ ಮಾರ್ಕ್ಸ್ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಸರಿ.

ಹೇಮಾ: ಆಯ್ತಪ್ಪ. ಕಲಿಸಿದವರ ಹೆಸರೂ ಹಾಕೋ ಕುಮಾರ. ಮೃದಂಗಕ್ಕೆ "ಮೃ" ನೋಡಿ ಹಾಕು, ಯುಗಾದಿ ಫ್ಲೆಕ್ಸಲ್ಲಿ "ಹಾರ್ಧಿಕ" ಅಂತ ಹೊಡೆದಿದ್ದೆ.