1924ರ ಫೋರ್ಡ್ ಮಾಡೆಲ್ ಟಿ: ಸ್ಟಾರ್ಟ್ ಆಗಿ ನಿಂತುಹೋಗುತ್ತದೆ, ಸಹಾಯ ಮಾಡಿ

ಹಳೇಟಿ_24
ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಹ್ಯಾಂಡಲ್ ಹೊಡೆದರೆ ಎರಡನೇ ಸುತ್ತಿಗೇ ಸ್ಟಾರ್ಟ್ ಆಗುತ್ತದೆ. ಆಮೇಲೆ ಕೆಮ್ಮಿ ನಿಂತುಬಿಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಹೊಸ ಪ್ಲಗ್ ಹಾಕಿದೆ. ಪೆಟ್ರೋಲ್ ಚೆನ್ನಾಗಿಯೇ ಬರುತ್ತಿದೆ. ಇಲ್ಲಿ ಮಿಶಿಗನ್‌ನಲ್ಲಿ ಬೇಸಿಗೆ ಇರುವುದೇ ಸ್ವಲ್ಪ ದಿನ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಕಾಯಿಲ್_ಪೆಟ್ಟಿಗೆ
ಕಂಡೆನ್ಸರ್. ಬೇರೆ ಏನೂ ಅಲ್ಲ. ಪ್ಲಗ್‌ಗೆ ಕಿಡಿ ಕೊಡುವ ಆ ಮರದ ಡಬ್ಬಿಯ ಕಾಯಿಲ್‌ಗಳ ಒಳಗಿನ, ವಿದ್ಯುತ್ ಹಿಡಿದಿಡುವ ಹಳೇ ಕಾಗದದ ಕಂಡೆನ್ಸರ್ ತೇವ ಎಳೆದು ಸತ್ತಿರುತ್ತದೆ. ನಾಲ್ಕಕ್ಕೂ ಹೊಸದು ಹಾಕಿ, ಪಾಯಿಂಟನ್ನು (ಕರೆಂಟು ಕಡಿದು ಕೂಡಿಸುವ ತುದಿ) 1.3 ಆಂಪಿಯರ್‌ಗೆ ಸೆಟ್ ಮಾಡಿಸಿ.

ಹಳೇಟಿ_24
ಹೋದ ವರ್ಷವೇ ಮಾಡಿಸಿದ್ದೇನೆ ಸಾರ್. ನಾಲ್ಕೂ ಗುಂಯ್ ಅನ್ನುತ್ತವೆ.

ಕಾಯಿಲ್_ಪೆಟ್ಟಿಗೆ
ಗುಂಯ್ ಅಂದರೆ ಸಾಲದು. ಮೀಟರ್ ಇಟ್ಟು ನೋಡಿದಿರಾ? ಪಾಯಿಂಟ್ ಸರಿ ಇಲ್ಲದ ಕಾಯಿಲ್ ಕೂಡ ಗುಂಯ್ ಅನ್ನುತ್ತದೆ, ಆದರೆ ಕಿಡಿ ತಡವಾಗಿ ಬರುತ್ತದೆ.

ತುಮಕೂರು_ಪಂಪ್
ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ತಾತ ತೋಟಕ್ಕೆ ತಂದ ಲಿಸ್ಟರ್ ಡಿ ಇಂಜಿನ್ ಇದೆ. ಹೈ ಟೆನ್ಷನ್ ಮ್ಯಾಗ್ನೆಟೋ, ಅಂದರೆ ಇಂಜಿನ್ ತಿರುಗಿದಂತೆ ಆಯಸ್ಕಾಂತದಿಂದಲೇ ಕಿಡಿಯ ಕರೆಂಟು ಹುಟ್ಟಿಸುವ ಸಾಧನ. ಬ್ಯಾಟರಿ ಬೇಡ, ಕಾಯಿಲ್ ಪೆಟ್ಟಿಗೆ ಬೇಡ. ಬಾಷ್ ಕಂಪನಿಯ ಹೊನೋಲ್ಡ್ 1902ರಲ್ಲೇ ಇದನ್ನು ಮಾಡಿಕೊಟ್ಟರು. ಫೋರ್ಡ್ 1927ರವರೆಗೂ ನಾಲ್ಕು ಕಾಯಿಲ್ ಹೊತ್ತುಕೊಂಡೇ ಓಡಿತು. ಕಿಡಿಯ ಹೊತ್ತನ್ನು ಕೈಯಲ್ಲಿ ಹಿಂದೆಮುಂದೆ ಮಾಡುವ ಲಿವರ್ ಬೇರೆ!

ಎಡಗಡೆ_ಲಿವರ್
ಆ ಲಿವರ್ ಬಗ್ಗೆ ಹಾಗೆ ಹೇಳಬೇಡಿ. ಡೈಮ್ಲರ್ ಮತ್ತು ಮೇಬ್ಯಾಕ್ 1885ರ ಇಂಜಿನ್‌ಗೆ ಬೆಂಕಿಯಲ್ಲಿ ಕಾಯಿಸಿದ ಕೊಳವೆ ಇಟ್ಟಿದ್ದರು. ಅದು ಯಾವಾಗ ಹೊತ್ತಿಸಬೇಕು ಅಂತ ಓಡಿಸುವವನು ಹೇಳುವಂತೆಯೇ ಇರಲಿಲ್ಲ. ಟಿಯಲ್ಲಿ ಎಡಗಡೆಯ ಲಿವರನ್ನು ಮೇಲಕ್ಕೆ ಸರಿಸಿಟ್ಟರೆ ಕಿಡಿ ತಡ, ಹ್ಯಾಂಡಲ್ ಹೊಡೆಯುವಾಗ ಒದೆಯುವುದಿಲ್ಲ. ಓಡಲು ಶುರುವಾದ ಮೇಲೆ ಕೆಳಗೆಳೆದರೆ ಇಂಜಿನ್ ಹಗುರಾಗುತ್ತದೆ. ಎಷ್ಟೋ ಜನರ ಮಣಿಕಟ್ಟು ಉಳಿಸಿದ ಲಿವರ್ ಅದು.

ತುಮಕೂರು_ಪಂಪ್
ಮರೆತವರ ಮಣಿಕಟ್ಟು ಮುರಿದಿದ್ದೂ ಅದೇ. 1912ರಲ್ಲಿ ಕ್ಯಾಡಿಲಾಕ್‌ಗೆ ಸೆಲ್ಫ್ ಬಂದಿದ್ದು ಯಾಕೆ ಮತ್ತೆ?

ಎಡಗಡೆ_ಲಿವರ್
ಅದನ್ನು ಬೇರೆ ಚರ್ಚೆಯಲ್ಲಿ ಮಾತಾಡೋಣ. ಹಳೇಟಿ ಅವರೇ, ಒಂದೇ ಪ್ರಶ್ನೆ. ನಿಲ್ಲುವಾಗ ಸ್ವಿಚ್ ಬ್ಯಾಟರಿ ಕಡೆ ಇತ್ತೋ, ಕಾಯಿಲ್‌ಗಳಿಗೆ ಕರೆಂಟು ಕೊಡುವ ಟಿಯ ಸ್ವಂತ ಮ್ಯಾಗ್ನೆಟೋ ಕಡೆಯೋ?

ಹಳೇಟಿ_24
ಬ್ಯಾಟರಿಯಲ್ಲಿ ಎಷ್ಟು ಹೊತ್ತಾದರೂ ಓಡುತ್ತದೆ. ಮ್ಯಾಗ್ನೆಟೋಗೆ ತಿರುಗಿಸಿದರೆ ನಿಲ್ಲುತ್ತದೆ. ಅದನ್ನು ಹೇಳಿದ್ದೆ ಅಂದುಕೊಂಡಿದ್ದೆ.

ಎಡಗಡೆ_ಲಿವರ್
ಹೇಳಿರಲಿಲ್ಲ! ಹಾಗಾದರೆ ಕಾಯಿಲ್ ಬಿಡಿ, ಮ್ಯಾಗ್ನೆಟೋ ನೋಡಿ. ಫ್ಲೈವೀಲ್ ಮೇಲೆ 16 ಆಯಸ್ಕಾಂತ, ಎದುರಿಗೆ 16 ಸುರುಳಿ. ಕರೆಂಟು ಹೊರಗೆ ಬರುವುದು ಗೇರ್ ಪೆಟ್ಟಿಗೆಯ ಮುಚ್ಚಳದ ಮೇಲಿನ ಒಂದೇ ಕಾಂಟ್ಯಾಕ್ಟ್‌ನಿಂದ. ಇತ್ತೀಚೆಗೆ ಬ್ಯಾಂಡ್ ಲೈನಿಂಗ್ (ಗೇರ್ ಪೆಟ್ಟಿಗೆಯೊಳಗಿನ ಪಟ್ಟಿಗಳ ಒಳಹೊದಿಕೆ) ಬದಲಾಯಿಸಿದಿರಾ?

ಹಳೇಟಿ_24
ಹೌದು, ಹತ್ತಿಯದ್ದು. ಹೋದ ತಿಂಗಳು. ಅದಕ್ಕೂ ಇದಕ್ಕೂ ಏನು ಸಂಬಂಧ?

ಎಡಗಡೆ_ಲಿವರ್
ಲೈನಿಂಗ್‌ನ ಎಳೆ ಎಣ್ಣೆಯಲ್ಲಿ ತೇಲಿ ಆ ಕಾಂಟ್ಯಾಕ್ಟ್ ಕೆಳಗೆ ಸೇರಿಕೊಳ್ಳುತ್ತದೆ. ಸ್ಕ್ರೂ ತೆಗೆದು ಎತ್ತಿ ನೋಡಿ. ಮತ್ತೆ ಜೋಡಿಸಿದ ಮೇಲೆ ಅಲ್ಲಿಂದ ಗಾಡಿಯ ಲೋಹದ ಮೈಗೆ ಒಂದು 12 ವೋಲ್ಟ್ ಬಲ್ಬ್ ಕಟ್ಟಿ, ಬ್ಯಾಟರಿಯಲ್ಲಿ ಇಂಜಿನ್ ಓಡಿಸಿ. ವೇಗ ಏರಿದಂತೆ ಬೆಳಕೂ ಏರಬೇಕು. ಒಂದು ಎಚ್ಚರಿಕೆ: ಬ್ಯಾಟರಿಯ ವೈರನ್ನು ಆ ಕಾಂಟ್ಯಾಕ್ಟ್‌ಗೆ ಮುಟ್ಟಿಸಬೇಡಿ, ಆಯಸ್ಕಾಂತದ ಶಕ್ತಿಯೇ ಹೋಗುತ್ತದೆ.

ಕಾಯಿಲ್_ಪೆಟ್ಟಿಗೆ
ಕಾಯಿಲ್ ಒಮ್ಮೆ ಮೀಟರಿಗೆ ಹಾಕಿ ಅಂತಲೇ ನಾನು ಇನ್ನೂ ಹೇಳುತ್ತೇನೆ.

ಹಳೇಟಿ_24
ಎತ್ತಿದೆ. ಉಗುರಿನಷ್ಟು ಕಪ್ಪು ಹತ್ತಿ ಉಂಡೆ, ಜೊತೆಗೆ ತಂತಿಯ ಚೂರು. ಒರೆಸಿ ಹಾಕಿದೆ. ಬಲ್ಬ್ ಉರಿಯಿತು. ಸ್ವಿಚ್ ಮ್ಯಾಗ್ನೆಟೋಗೆ ತಿರುಗಿಸಿದ ಕೂಡಲೇ ಇಂಜಿನ್ ಸದ್ದೇ ಬೇರೆ! ಮನೆಯವರನ್ನು ಕೂರಿಸಿಕೊಂಡು ಕೆರೆಯವರೆಗೂ ಹೋಗಿ ಬಂದೆ. ತುಂಬಾ ಧನ್ಯವಾದ. ಮೂರನೇ ಸಿಲಿಂಡರ್ ಮಾತ್ರ ಆಗಾಗ ತಪ್ಪುತ್ತಿತ್ತು. ಅದರ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿದೆ, ಈಗ ಒಂದನೆಯದು ತಪ್ಪುತ್ತಿದೆ.

ಕಾಯಿಲ್_ಪೆಟ್ಟಿಗೆ
ಆ ಕಾಯಿಲ್‌ನ ಪಾಯಿಂಟ್ ಫೋಟೋ ಹಾಕಿ. ಹತ್ತಿರದಿಂದ ತೆಗೆಯಿರಿ.